ಕೂಡಿ ಬೆಳೆದ ಟಗರು ಕಾದಾಡಿದಾಗ

ಸಂತೆಯಲ್ಲಿ ಒಂದೇ ದಿನ ಕೊಂಡು ತಂದ ಎರಡು ಟಗರು ಮರಿಗಳು. ಒಂದೇ ಗೋದಲಿಯಲ್ಲಿ ಹೊಟ್ಟು ತಿನ್ನುತ್ತವೆ, ಒಂದಕ್ಕೊಂದು ಮೈ ಆನಿಸಿ ಮಲಗುತ್ತವೆ, ಒಂದು ಕಣ್ಮರೆಯಾದರೆ ಇನ್ನೊಂದು ಓಣಿಗೆಲ್ಲ ಕೇಳುವಂತೆ ಒದರುತ್ತದೆ. ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಹಿತ್ತಲಿನಿಂದ ಕೊಡಲಿಯಲ್ಲಿ ಕಟ್ಟಿಗೆ ಸೀಳಿದಂಥ ಸಪ್ಪಳ ಕೇಳುತ್ತದೆ. ಮನೆಯವರು ಓಡಿ ಬಂದು ನೋಡಿದರೆ ಒಂದರ ಕೋಡಿನ ಬುಡದಲ್ಲಿ ರಕ್ತ, ಇನ್ನೊಂದು ಹಿಂದಕ್ಕೆ ಸರಿಯುತ್ತ ಮತ್ತೊಂದು ಗುದ್ದಿಗೆ ಅಣಿಯಾಗುತ್ತಿದೆ. ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಜೋಡಿ ಟಗರು ಸಾಕಿದವರಿಗೆ ಇದು ಹೊಸ ಸುದ್ದಿಯಲ್ಲ.

ಆಗ ಬಾಯಿಗೆ ಬರುವ ಮೊದಲ ಮಾತು, ‘ಸೊಕ್ಕು ಬಂದೈತಿ’. ಬಡಿಗೆಯಿಂದ ನಾಲ್ಕು ಏಟು ಬೀಳುತ್ತವೆ. ಒಂದನ್ನು ಹಿತ್ತಲಿನ ಈ ತುದಿಗೆ, ಇನ್ನೊಂದನ್ನು ಬೀದಿ ಬಾಗಿಲಿನ ಗೂಟಕ್ಕೆ ಕಟ್ಟುತ್ತಾರೆ. ಎಂಟು ಹತ್ತು ದಿನ ಬಿಟ್ಟು, ಸಿಟ್ಟು ಇಳಿದಿರಬೇಕು ಎಂದು ಹಗ್ಗ ಬಿಚ್ಚಿದರೆ ಮೊದಲಿಗಿಂತ ದೊಡ್ಡ ಕಾಳಗ ಶುರುವಾಗುತ್ತದೆ. ಮಾಲೀಕ ಕೈಚೆಲ್ಲಿ ಒಂದನ್ನು ಮಾರಿಬಿಡುತ್ತಾನೆ.

ಈ ಸರಣಿಯಲ್ಲಿ ಟಗರಿನ ತಪ್ಪು ಕಡಿಮೆ. ಜೋಡಿಯನ್ನು ಆರಿಸಿದ ರೀತಿ, ಬೆಳೆಸಿದ ರೀತಿ, ಅಗಲಿಸಿದ ರೀತಿ, ಈ ಮೂರೂ ಮನುಷ್ಯನವು. ಆದ್ದರಿಂದ ಪರಿಹಾರವೂ ಬಹುಮಟ್ಟಿಗೆ ಸಾಕುವವರ ಕೈಯಲ್ಲಿಯೇ ಇದೆ.

ಈ ಸೀಮೆಗೆ ಕುರಿಯ ನಂಟು ಹಳೆಯದು. ಗದಗಿನ ಬಳಿ ತೊಡಗಿ ತುಂಗಭದ್ರೆಯ ದಂಡೆಯ ಶಿಂಗಟಾಲೂರಿನ ಕಡೆಗೆ ಚಾಚಿರುವ ಕಪ್ಪತಗುಡ್ಡದ ಸಾಲು, ಅದರ ಸುತ್ತಲಿನ ಎರೆಹೊಲ, ಮಸಾರಿ ಹೊಲಗಳು ಕುರಿಗಾರರ ತಿರುಗಾಟದ ನೆಲ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಹಟ್ಟಿ ಹಾಕಿಸುವ ರೂಢಿ ಇಂದಿಗೂ ಇದೆ. ಕರಿಯ ಒರಟು ಉಣ್ಣೆಯ ಡೆಕ್ಕನಿ ಕುರಿ ಕಂಬಳಿಗೆ ಹೆಸರಾದರೆ, ಕೊಪ್ಪಳ, ರಾಯಚೂರು ಕಡೆಯಿಂದ ಬರುವ ಕೆಂಗುರಿ ಮೈಕಟ್ಟಿಗೆ ಹೆಸರಾದದ್ದು. ಇವಲ್ಲದೆ ಊರೊಳಗೆ ಮನೆಗೆ ಒಂದೋ ಎರಡೋ ಟಗರು ಕಟ್ಟಿಕೊಂಡವರು ಬೇರೆ. ಬಕ್ರೀದಿಗೆಂದು ಸಾಕುವವರು, ದೇವರಿಗೆ ಬಿಟ್ಟವರು, ಅಮೀನಗಡ, ಕೆರೂರಿನಂಥ ಕುರಿ ಸಂತೆಗಳಲ್ಲಿ ಒಳ್ಳೆಯ ಬೆಲೆಗೆ ಮಾರಲು ಕೊಬ್ಬಿಸುವವರು, ಬರೀ ಖುಷಿಗೆ ಸಾಕುವವರು. ಎಲ್ಲರಿಗೂ ಕಾದಾಟದ ಲುಕ್ಸಾನು ಒಂದೇ ಬಗೆಯದಲ್ಲ. ಕುರ್ಬಾನಿಗೆ ಸಾಕಿದ ಟಗರಿನ ಕೋಡು ಬುಡಸಹಿತ ಕಿತ್ತುಬಂದರೆ, ಕಾಲು ಕುಂಟಾದರೆ, ಅದು ಆ ಕೆಲಸಕ್ಕೆ ಸಲ್ಲುವುದಿಲ್ಲ. ವರ್ಷದ ಆರೈಕೆ ಒಂದು ಗುದ್ದಿನಲ್ಲಿ ಹೋದಂತೆ.

ಟಗರು ಒಂಟಿ ಪ್ರಾಣಿ ಎಂಬ ತಿಳಿವಳಿಕೆ ಸರಿಯಲ್ಲ. ಕಾಡುಕುರಿಗಳಲ್ಲಿ ಗಂಡುಗಳು ವರ್ಷದ ಬಹುಭಾಗ ತಮ್ಮದೇ ಗುಂಪು ಕಟ್ಟಿಕೊಂಡು ಬದುಕುತ್ತವೆ. ಉತ್ತರ ಅಮೆರಿಕದ ಬೆಟ್ಟದ ಕುರಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ವಲೇರಿಯಸ್ ಗೈಸ್ಟ್ 1971ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಗಂಡು ಗುಂಪುಗಳ ಒಳಗಿನ ವ್ಯವಸ್ಥೆಯನ್ನು ಬಿಡಿಸಿಟ್ಟರು. ಅಲ್ಲಿ ಕೋಡಿನ ಗಾತ್ರವೇ ದರ್ಜೆಯ ಗುರುತು. ಸಣ್ಣ ಕೋಡಿನದು ದೊಡ್ಡ ಕೋಡಿನದಕ್ಕೆ ದಾರಿ ಬಿಡುತ್ತದೆ, ಜಗಳ ಅಲ್ಲಿಗೇ ಮುಗಿಯುತ್ತದೆ. ದೊಡ್ಡ ಕಾಳಗ ನಡೆಯುವುದು ಕೋಡು ಹೆಚ್ಚುಕಡಿಮೆ ಸರಿಸಮ ಇರುವ ಎರಡರ ನಡುವೆ. ಯಾರು ಮೇಲು ಎಂಬುದು ನೋಟಕ್ಕೆ ತೀರ್ಮಾನವಾಗದಿದ್ದಾಗ ಗುದ್ದಾಡಿಯೇ ತೀರ್ಮಾನಿಸಬೇಕಾಗುತ್ತದೆ.

ನಮ್ಮಲ್ಲಿ ಸಂತೆಯಲ್ಲಿ ಜೋಡಿ ಕೊಳ್ಳುವವರು ಹುಡುಕುವುದು ಏನನ್ನು? ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಹಲ್ಲು. ಸಮಜೋಡಿ ಸಿಕ್ಕರೆ ನೂರಿನ್ನೂರು ಹೆಚ್ಚು ಕೊಡಲೂ ತಯಾರು. ಕಣ್ಣಿಗೆ ಚಂದ ಕಾಣುವ ಈ ಸಮತೆಯೇ ಮುಂದಿನ ತಲೆನೋವಿನ ಮೂಲ. ಹಾಲುಹಲ್ಲಿನ ಮರಿಗಳಿರುವಾಗ ತೊಂದರೆ ಕಾಣುವುದಿಲ್ಲ. ಆರೆಂಟು ತಿಂಗಳಿಗೆ ಟಗರು ಹರೆಯಕ್ಕೆ ಬರುತ್ತದೆ, ವರ್ಷ ಒಂದೂವರೆ ವರ್ಷಕ್ಕೆ ಎರಡು ಹಲ್ಲು ಹಾಕುತ್ತದೆ. ಇಷ್ಟರಲ್ಲಿ ಕೊರಳು ದಪ್ಪವಾಗಿ ಕೋಡು ತಿರುವಿಕೊಂಡಿರುತ್ತದೆ. ಸರಿಸಮನಾಗಿ ಬೆಳೆದ ಎರಡಕ್ಕೂ ಸರಿಸಮನಾದ ಬಲ. ಯಾವುದೂ ತಲೆ ಬಾಗಿಸಲು ಒಪ್ಪುವುದಿಲ್ಲ. ಆರು ತಿಂಗಳ ಅಂತರವಿರುವ ಎರಡನ್ನು ಕೂಡಿಸಿ ಸಾಕಿದವರ ಮನೆಯಲ್ಲಿ ಈ ಗದ್ದಲ ಎಷ್ಟೋ ಕಡಿಮೆ. ಕಾಣಲು ಜೋಡಿ ಹೊಂದದಿದ್ದರೂ ಬದುಕಲು ಹೊಂದುತ್ತದೆ. ಹೊಸದಾಗಿ ಎರಡು ಟಗರು ತರಬೇಕೆಂದಿರುವವರು ಇದೊಂದನ್ನು ನೆನಪಿಟ್ಟರೂ ಅರ್ಧ ಕೆಲಸ ಆದಂತೆ.

ಕಾಳಗ ಏಕಾಏಕಿ ಶುರುವಾಗುವುದಿಲ್ಲ. ನೋಡುವ ಕಣ್ಣಿಗೆ ಬಹಳ ಮೊದಲೇ ಸೂಚನೆ ಸಿಗುತ್ತದೆ. ಒಂದು ಟಗರು ಇನ್ನೊಂದರ ಪಕ್ಕಕ್ಕೆ ಬಂದು ಕೊರಳನ್ನು ನೆಲಕ್ಕೆ ಸಮನಾಗಿ ಚಾಚುತ್ತದೆ, ತಲೆಯನ್ನು ಸ್ವಲ್ಪ ಓರೆಯಾಗಿ ತಿರುಗಿಸುತ್ತದೆ, ಮುಂಗಾಲು ಬಿಗಿಯಾಗಿ ಎತ್ತಿ ಅದರ ಎದೆಗೋ ಹೊಟ್ಟೆಗೋ ಒದೆಯುತ್ತದೆ. ಗಂಟಲಿನಿಂದ ಗುಡುಗುಡು ಎಂಬ ಸಣ್ಣ ದನಿ ಹೊರಡುತ್ತದೆ. ಮೂಸಿ, ಮೇಲ್ದುಟಿ ಸುರುಳಿ ಮಾಡಿ ಮುಖ ಮೇಲೆತ್ತುತ್ತದೆ. ಭುಜಕ್ಕೆ ಭುಜ ಕೊಟ್ಟು ತಳ್ಳಾಡುತ್ತವೆ, ಒಂದರ ಮುಖವನ್ನು ಇನ್ನೊಂದು ಕೋಡಿನಿಂದ ತಿಕ್ಕುತ್ತದೆ. ಇಷ್ಟರವರೆಗೆ ನಡೆಯುವುದು ಮಾತುಕತೆ. ಇದರಲ್ಲಿ ಕೈ ಹಾಕಬಾರದು. ಬಹುಪಾಲು ಸಲ ಒಂದು ಮುಖ ತಿರುಗಿಸಿ ಮೇಯಲು ಹೋಗುತ್ತದೆ, ವ್ಯವಹಾರ ಬಗೆಹರಿಯುತ್ತದೆ. ಎರಡೂ ಒಟ್ಟಿಗೆ ಹಿಂದಕ್ಕೆ ಹೆಜ್ಜೆ ಇಡತೊಡಗಿದರೆ ಮಾತ್ರ ವಿಷಯ ಬೇರೆ. ಟಗರು ಹಿಂದೆ ಸರಿಯುವುದು ಅಂಜಿ ಅಲ್ಲ, ಓಡಿ ಬಂದು ಗುದ್ದಲು ಜಾಗ ಮಾಡಿಕೊಳ್ಳಲು. ಅದರ ಬಲವೆಲ್ಲ ಆ ಓಟದಲ್ಲಿದೆ. ಓಟ ಇಲ್ಲದೆ ನಿಂತಲ್ಲೇ ತಳ್ಳಾಡುವ ಟಗರುಗಳಿಗೆ ದೊಡ್ಡ ಪೆಟ್ಟಾಗುವುದು ಅಪರೂಪ.

ಟಗರಿನ ತಲೆ ಗುದ್ದಿಗೆಂದೇ ಮಾಡಿದ್ದು, ಅದಕ್ಕೇನೂ ಆಗದು ಎನ್ನುವವರಿದ್ದಾರೆ. ನೆತ್ತಿಯ ಮೂಳೆ ದಪ್ಪ, ಅದರೊಳಗೆ ಗಾಳಿ ತುಂಬಿದ ಪೊಳ್ಳುಗಳಿವೆ, ಕೊರಳಿನ ಸ್ನಾಯು ಬಲವಾದದ್ದು, ಎಲ್ಲ ನಿಜ. ಆದರೆ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟಗರಿನಂತೆಯೇ ತಲೆಗೆ ತಲೆ ಗುದ್ದುವ ಮಸ್ಕ್ ಆಕ್ಸ್ ಎಂಬ ಹಿಮನಾಡಿನ ಪ್ರಾಣಿಯ ಮಿದುಳನ್ನು ಪರೀಕ್ಷಿಸಿದಾಗ ಪದೇ ಪದೇ ಪೆಟ್ಟು ತಿಂದ ಗುರುತುಗಳು ಕಂಡವು. ಬಾಕ್ಸಿಂಗ್ ಆಟಗಾರರ ಮಿದುಳಲ್ಲಿ ಕಾಣುವ ಹಾನಿಯನ್ನು ಹೋಲುವಂಥದು ಅದು. ನಿಸರ್ಗ ಕೊಟ್ಟ ರಕ್ಷಣೆ ದೊಡ್ಡದು, ಆದರೆ ಅದಕ್ಕೂ ಮಿತಿ ಇದೆ. ಊರಲ್ಲಿ ಸಾಕಿದ ಟಗರು ಗುದ್ದು ತಿಂದ ಸ್ಥಳದಲ್ಲೇ ಕೊರಳು ಮುರಿದು ಸತ್ತದ್ದೂ ಉಂಟು.

ಹೊಂದಿಕೊಂಡಿದ್ದವು ಯಾಕೆ ಮುರಿದುಕೊಳ್ಳುತ್ತವೆ? ಬಹಳ ಸಲ ಕಾರಣ ಅಗಲಿಕೆ. ಒಂದನ್ನು ಜಾತ್ರೆಗೆ, ಸಂತೆಗೆ, ದವಾಖಾನೆಗೆ ಒಯ್ದು ವಾಪಸು ತಂದಾಗ ಜಗಳ ಏಳುತ್ತದೆ. ಕುರಿಗೆ ನೆನಪಿಲ್ಲವೆಂದಲ್ಲ. ಕೇಂಬ್ರಿಜ್ ಬಳಿಯ ಬಾಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ವರದಿ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕುರಿಗಳು 50 ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದವು. ಹಾಗಾದರೆ ಹದಿನೈದು ದಿನದ ಅಗಲಿಕೆಗೆ ಗುರುತು ಮರೆಯುವ ಮಾತೇ ಇಲ್ಲ. ಮರೆಯಾದದ್ದು ಮುಖವಲ್ಲ, ಒಪ್ಪಂದ. ಮನೆಯಲ್ಲಿ ಉಳಿದದ್ದು ಅಷ್ಟು ದಿನ ಇಡೀ ಹಿತ್ತಲಿನ ಒಡೆಯನಾಗಿತ್ತು. ತಿರುಗಿ ಬಂದದ್ದರ ಮೈಗೆ ಬೇರೆ ಕುರಿಗಳ, ಔಷಧಿಯ, ಲಾರಿಯ ವಾಸನೆ ಹತ್ತಿದೆ. ಕೋಡಿಗೆ ಬಣ್ಣ, ಕೊರಳಿಗೆ ಹೊಸ ಗೆಜ್ಜೆ, ಬೆನ್ನಿಗೆ ಗುಲಾಲು ಬೇರೆ. ಯಾರು ಮೇಲು ಎಂಬ ಲೆಕ್ಕ ಮತ್ತೆ ಮೊದಲಿನಿಂದ ಆಗಬೇಕು.

ಉಣ್ಣೆ ಕತ್ತರಿಸಿದ ದಿನವೂ ಇದೇ ಕಥೆ. ಡೆಕ್ಕನಿ ಕುರಿಗೆ ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಕತ್ತರಿ ಹಾಕುತ್ತಾರೆ. ಕತ್ತರಿ ಹಾಕಿದ ಮೇಲೆ ಆಕಾರ, ವಾಸನೆ ಎರಡೂ ಬದಲು. ಹಿಂಡಿನಲ್ಲಿ ಅಂದು ಗುದ್ದಾಟ ಜಾಸ್ತಿ ಎಂಬುದು ಕುರಿಗಾರರಿಗೆ ಗೊತ್ತು. ಒಂದಕ್ಕೆ ಕತ್ತರಿ ಹಾಕಿ ಇನ್ನೊಂದನ್ನು ಮುಂದಿನ ವಾರಕ್ಕೆ ಬಿಡುವುದು ಜಗಳವನ್ನು ಕೈಯಾರೆ ಕರೆದಂತೆ.

ಬೆದೆಗೆ ಬಂದ ಹೆಣ್ಣು ಕುರಿ ಇನ್ನೊಂದು ಕಾರಣ. ಹೆಣ್ಣು ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಒಂದು ಒಂದೂವರೆ ದಿನ ಆ ಸ್ಥಿತಿಯಲ್ಲಿರುತ್ತದೆ. ಶೀತ ದೇಶಗಳ ಕುರಿಗಳಂತೆ ನಮ್ಮ ಕುರಿಗಳಿಗೆ ಒಂದೇ ಋತು ಎಂಬ ಕಟ್ಟಿಲ್ಲ. ಮುಂಗಾರು ಹಸಿರು ಮೇಯ್ದ ಮೇಲೆ ಭರಾಟೆ ಹೆಚ್ಚು, ಆದರೆ ವರ್ಷದ ಯಾವ ತಿಂಗಳಲ್ಲೂ ಆಗಬಹುದು. ಊರ ಓಣಿಯ ಟಗರಿಗೆ ಹೆಣ್ಣಿನ ಸಂಗ ಇಲ್ಲದಿದ್ದರೂ ಬೀದಿಯಲ್ಲಿ ಹಾದುಹೋಗುವ ಹಿಂಡಿನ ವಾಸನೆಯೇ ಸಾಕು. ಎರಡು ಟಗರು ಇರುವ ಹಿತ್ತಲಿಗೆ ಒಂದು ಹೆಣ್ಣು ಕುರಿ ತಂದು ಕಟ್ಟಿದರೆ ಜಗಳ ತಣ್ಣಗಾದೀತು ಎಂದು ಕೆಲವರು ನಂಬುತ್ತಾರೆ. ಆಗುವುದು ನೇರ ಉಲ್ಟಾ.

ಇಲ್ಲಿ ಇನ್ನೊಂದು ಸಣ್ಣ ಪ್ರಾಣಿಯ ಕಥೆ ಹೇಳಬೇಕು. ಪೇಟೆಯ ಸಾಕುಪ್ರಾಣಿ ಅಂಗಡಿಗಳಲ್ಲಿ ಮಕ್ಕಳಿಗೆಂದು ಮಾರುವ ಗಿನಿ ಹಂದಿ ಹೆಸರಿಗೆ ಹಂದಿ, ಜಾತಿಯಲ್ಲಿ ಇಲಿಯ ಬಳಗ, ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟ. ಅದನ್ನೂ ಜೋಡಿ ಗಂಡು ತಂದು ಸಾಕುತ್ತಾರೆ, ಅಲ್ಲೂ ಎರಡು ಮೂರು ತಿಂಗಳಿಗೆ ಹರೆಯ ಬರುತ್ತಲೇ ಹಲ್ಲು ಕಟಕಟಿಸಿ ಜಗಳಕ್ಕೆ ನಿಲ್ಲುತ್ತವೆ. ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ನಾರ್ಬರ್ಟ್ ಸಾಕ್ಸರ್ ಈ ಪ್ರಾಣಿಯ ಸಾಮಾಜಿಕ ನಡವಳಿಕೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಅವರ ಮುಖ್ಯ ಕಾಣ್ಕೆ ಟಗರು ಸಾಕುವವರಿಗೂ ಬೇಕಾದದ್ದು. ದೊಡ್ಡ ಗುಂಪಿನಲ್ಲಿ, ಹಿರಿಯ ಗಂಡುಗಳ ನಡುವೆ ಹರೆಯ ಕಳೆದ ಗಂಡುಗಳನ್ನು ಅಪರಿಚಿತರ ಜೊತೆ ಬಿಟ್ಟಾಗ ಅವು ಹೆಚ್ಚು ಗದ್ದಲವಿಲ್ಲದೆ ತಮ್ಮ ಜಾಗ ಕಂಡುಕೊಂಡವು. ಒಂಟಿಯಾಗಿಯೋ ಒಂದೇ ಹೆಣ್ಣಿನ ಜೊತೆಗೋ ಬೆಳೆದವು ಕಾದಾಡಿದವು. ಸೋತವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿತು, ಮೈ ಸೊರಗಿತು. ತಗ್ಗಿ ನಡೆಯುವುದನ್ನು ಹರೆಯದಲ್ಲಿ ದೊಡ್ಡವುಗಳಿಂದ ಕಲಿಯಬೇಕು. ಆ ಕಾಲ ತಪ್ಪಿದರೆ ಕಲಿಕೆ ಕಷ್ಟ.

ಹಿಂಡಿನ ಟಗರಿಗೂ ಮನೆಯ ಟಗರಿಗೂ ಇರುವ ಅಂತರ ಇದರಿಂದ ತಿಳಿಯುತ್ತದೆ. ಕಪ್ಪತಗುಡ್ಡದ ಸೆರಗಿನಲ್ಲಿ ಮೇಯುವ ದೊಡ್ಡ ಹಿಂಡಿನಲ್ಲಿ ಐದಾರು ಟಗರುಗಳಿದ್ದರೂ ದಿನದಿನ ಕಾಳಗವಿಲ್ಲ. ಅಲ್ಲಿನ ಮರಿ ಹುಟ್ಟಿದಾಗಿನಿಂದ ದೊಡ್ಡ ಟಗರಿನ ಒಂದು ಓರೆನೋಟಕ್ಕೆ ದಾರಿ ಬಿಟ್ಟು ಬೆಳೆದಿದೆ. ಮನೆಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದ ಮರಿಗೆ ಆ ಪಾಠ ಹೇಳುವವರಿಲ್ಲ. ಅದರ ಮೇಲೆ ಹುಡುಗರ ಆಟ ಒಂದು. ಮರಿಯ ಹಣೆಗೆ ಅಂಗೈ ಕೊಟ್ಟು ತಳ್ಳುವುದು, ಅದು ತಿರುಗಿ ತಳ್ಳಿದಾಗ ನಗುವುದು. ಎರಡು ತಿಂಗಳ ಮರಿ ಹೀಗೆ ಗುದ್ದಿದರೆ ಚಂದ. ಅದೇ ಮರಿ 40-50 ಕಿಲೊ ತೂಗುವ ಟಗರಾದಾಗ ಹಣೆ ಕೊಡುವುದು ಆಟವೆಂದೇ ತಿಳಿದಿರುತ್ತದೆ, ನೀರು ತರಲು ಹೋದ ಅಜ್ಜಿಯ ಮೊಣಕಾಲಿಗೆ ಬರುತ್ತದೆ. ಮರಿಯ ಗದ್ದದ ಕೆಳಗೆ, ಎದೆಗೆ ಕೈ ಆಡಿಸಬೇಕು, ಹಣೆ ಮುಟ್ಟಲೇಬಾರದು. ಮನೆಮಂದಿಗೆಲ್ಲ, ಅದರಲ್ಲೂ ಮಕ್ಕಳಿಗೆ, ಇದನ್ನು ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ಇನ್ನು ಕಾಳಗ ಶುರುವಾಗಿಯೇ ಬಿಟ್ಟರೆ? ನಡುವೆ ನಿಲ್ಲುವುದು ಸರ್ವಥಾ ಸಲ್ಲ. ಓಡಿ ಬರುವ ಟಗರಿನ ಕೋಡು ಹಿಡಿಯುತ್ತೇನೆಂದು ಹೋದವರು ಬೆರಳು, ಮಣಿಕಟ್ಟು ಮುರಿದುಕೊಂಡಿದ್ದಾರೆ. ಬಡಿಗೆಯ ಏಟಿಗೆ ಆ ಹೊತ್ತಿನ ಟಗರು ಬೆದರುವುದಿಲ್ಲ, ಏಟಿನ ನೋವನ್ನು ಎದುರಿನ ಟಗರೇ ಕೊಟ್ಟಿತೆಂದು ಇನ್ನಷ್ಟು ಕೆರಳಬಹುದು. ಅವು ಹಿಂದೆ ಸರಿದ ಹೊತ್ತಿನಲ್ಲಿ ಪಕ್ಕದಿಂದ ಒಂದು ಹೊರಸನ್ನೋ ಅಗಲ ಹಲಗೆಯನ್ನೋ ನಡುವೆ ತಳ್ಳಬೇಕು. ಒಂದಕ್ಕೊಂದು ಕಾಣದಿದ್ದರೆ ಅರ್ಧ ರಭಸ ಇಳಿಯುತ್ತದೆ. ಒಂದು ಕೊಡ ನೀರು ಮುಖಕ್ಕೆ ಎರಚಿದರೆ ಕ್ಷಣ ಬಿಡುವು ಸಿಗುತ್ತದೆ. ಆಗ ಗೋಣಿಚೀಲವನ್ನೋ ಕಂಬಳಿಯನ್ನೋ ಒಂದರ ತಲೆಯ ಮೇಲೆ ಹಾಕಿ, ಹಿಂದಿನಿಂದ ಬಂದು ಗದ್ದದ ಕೆಳಗೆ ಕೈ ಕೊಟ್ಟು ತಲೆ ಮೇಲೆತ್ತಿ ಹಿಡಿಯಬೇಕು. ತಲೆ ಮೇಲಾದ ಟಗರು ಗುದ್ದಲಾರದು.

ಬಿಡಿಸಿದ ಮೇಲೆ ಮಾಡುವ ತೀರ್ಮಾನವೇ ಮುಖ್ಯ. ರಕ್ತ ಬರದಿದ್ದರೆ, ಎರಡೂ ನಡೆದಾಡುತ್ತಿದ್ದರೆ, ಬಹಳ ದಿನ ದೂರ ಕಟ್ಟುವುದು ತಪ್ಪು. ಅಗಲಿದ ಪ್ರತಿ ದಿನವೂ ಮರುಜಗಳಕ್ಕೆ ಕಾರಣವಾಗುತ್ತದೆ. ಇದಕ್ಕೆ ಕುರಿ ಸಾಕುವ ಹಲವು ದೇಶಗಳಲ್ಲಿ ಒಪ್ಪಿಕೊಂಡ ಒಂದು ಉಪಾಯವಿದೆ, ಅದು ಇಕ್ಕಟ್ಟಾದ ದಡ್ಡಿ. ಟಗರುಗಳು ನಿಂತು, ತಿರುಗಿ, ಮಲಗಲು ಆಗಬೇಕು, ಆದರೆ ಹಿಂದೆ ಸರಿದು ಓಡಿ ಬರಲು ಜಾಗ ಇರಬಾರದು. ಎರಡು ಟಗರಿಗೆ ಒಂದು ಹೊರಸಿನಷ್ಟು ಇಲ್ಲವೆ ಸ್ವಲ್ಪ ಹೆಚ್ಚು ಜಾಗ ಸಾಕು. ಗಟ್ಟಿ ಬೇಲಿ, ಚೂಪಾದ ತಂತಿ ಮೊಳೆ ಇಲ್ಲದ್ದು. ದಡ್ಡಿ ಸ್ವಲ್ಪ ದೊಡ್ಡದಾದರೆ ನಡುವೆ ಎರಡು ಮೂರು ಹಳೆಯ ಟೈರು ಹಾಕಿದರೆ ಓಟಕ್ಕೆ ಅಡ್ಡಿಯಾಗುತ್ತದೆ. ಒಳಗೆ ಬಿಡುವ ಮೊದಲು ಎರಡರ ಮೂಗಿನ ಮೇಲೆ, ಬಾಲದ ಬುಡದಲ್ಲಿ ಬೇವಿನ ಎಣ್ಣೆ ಸವರಬೇಕು. ಎರಡಕ್ಕೂ ಒಂದೇ ವಾಸನೆ ಬಂದರೆ ಹೊಸಬ, ಹಳಬ ಎಂಬ ಭೇದ ಮಸುಕಾಗುತ್ತದೆ. ಕೋಡಿನ ಬಣ್ಣ, ಗೆಜ್ಜೆ ಮೊದಲೇ ತೆಗೆದಿರಬೇಕು.

ಒಂದೆರಡು ಹಗಲು ರಾತ್ರಿ ಹೀಗೆ ಇರಬೇಕು. ತಳ್ಳಾಟ ನಡೆಯುತ್ತದೆ, ನಡೆಯಲಿ. ಹಟ ಹಿಡಿದ ಜೋಡಿಗೆ ಇನ್ನೂ ಎರಡು ದಿನ ಬೇಕಾಗಬಹುದು. ತಲೆ ತಗ್ಗಿಸಿ ಪಕ್ಕಪಕ್ಕ ಮಲಗಿ ಮೆಲುಕು ಹಾಕತೊಡಗಿದರೆ ಒಪ್ಪಂದ ಕುದುರಿತೆಂದು ಅರ್ಥ. ಆಗ ದೊಡ್ಡ ಜಾಗಕ್ಕೆ, ಅದೂ ಬೇರೆ ಕೆಲಸವಿರದ ದಿನ, ಕಣ್ಣೆದುರು ಬಿಡಬೇಕು. ಮಾರ್ಚಿನಿಂದ ಮೇವರೆಗೆ ಗದಗ ಸೀಮೆಯ ಬಿಸಿಲು 40 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಆ ದಿನಗಳಲ್ಲಿ ಇದನ್ನೆಲ್ಲ ಸಂಜೆಗೆ ಶುರು ಮಾಡಬೇಕು, ನೆರಳು ನೀರು ತಪ್ಪಬಾರದು. ಗುದ್ದಿಗಿಂತ ಸೆಕೆಗೆ ಬಿದ್ದು ಸಾಯುವ ಅಪಾಯವೇ ಆಗ ದೊಡ್ಡದು. ಒಂದು ನೆಲಕ್ಕೆ ಬಿದ್ದು ಏಳದಿದ್ದರೆ ತಡಮಾಡದೆ ಹೊರಗೆಳೆಯಬೇಕು. ಬಿದ್ದದ್ದನ್ನು ಕರುಣೆಯಿಂದ ಬಿಡುವ ಗುಣ ಟಗರಿನಲ್ಲಿಲ್ಲ, ಅದು ಗುದ್ದುತ್ತಲೇ ಇರುತ್ತದೆ.

ಮೂರ್ನಾಲ್ಕು ಹಳೆಯ ಟಗರುಗಳ ನಡುವೆ ಹೊಸದೊಂದನ್ನೇ ಒಂಟಿಯಾಗಿ ಬಿಡುವುದು ಕ್ರೂರ. ಎಲ್ಲವೂ ಸರದಿಯಂತೆ ಅದರ ಮೇಲೆ ಬೀಳುತ್ತವೆ. ಹೊಸವು ಎರಡಾದರೂ ಇರಲಿ, ಎಲ್ಲವನ್ನೂ ಯಾರಿಗೂ ಒಡೆತನವಿಲ್ಲದ ಹೊಸ ದಡ್ಡಿಗೆ ಒಟ್ಟಿಗೇ ತುಂಬಬೇಕು. ದವಾಖಾನೆಗೋ ಸಂತೆಗೋ ಒಂದನ್ನು ಒಯ್ಯಬೇಕಾದರೆ ಸಾಧ್ಯವಿದ್ದಷ್ಟು ಎರಡನ್ನೂ ಒಟ್ಟಿಗೇ ಒಯ್ಯುವುದು ಮೇಲು. ಗಾಡಿ ಬಾಡಿಗೆ ಅಷ್ಟೇ, ಜಗಳದ ಖರ್ಚಿಗಿಂತ ಕಡಿಮೆ. ಕತ್ತರಿಯೂ ಒಂದೇ ದಿನ.

ದಿನನಿತ್ಯದ ವ್ಯವಸ್ಥೆಯಲ್ಲೂ ಸಣ್ಣ ಬದಲಾವಣೆ ಬೇಕು. ಶೇಂಗಾ ಹೊಟ್ಟು, ಕಡಲೆ ಹೊಟ್ಟಿಗೆ ಅಷ್ಟಾಗಿ ಜಗಳವಿಲ್ಲ. ಹಿಂಡಿ, ಮೆಕ್ಕೆಜೋಳದ ನುಚ್ಚು ಇಟ್ಟ ಕೂಡಲೇ ತಳ್ಳಾಟ. ಒಂದೇ ಬುಟ್ಟಿಯ ಬದಲು ಎರಡು ಬುಟ್ಟಿ, ಅದೂ ಹಿತ್ತಲಿನ ಎರಡು ಮೂಲೆಗೆ ಇಟ್ಟರೆ ದಿನದ ಅರ್ಧ ತಕರಾರು ಇಲ್ಲವಾಗುತ್ತದೆ. ನೀರಿನ ಪಾತ್ರೆಯೂ ಎರಡು. ಒಂದು ಟಗರನ್ನು ಹಗ್ಗದಲ್ಲಿ ಕಟ್ಟಿ ಇನ್ನೊಂದನ್ನು ಬಿಚ್ಚಿ ಬಿಡುವುದು ತೀರ ಅಪಾಯ. ಕಟ್ಟಿದ್ದಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಕೊರಳಿಗೆ ಹಗ್ಗ ಸುತ್ತಿಕೊಂಡು ಜೀವಕ್ಕೇ ಮುಳುವಾಗುತ್ತದೆ. ಎರಡೂ ಬಿಚ್ಚಿರಬೇಕು, ಇಲ್ಲವೆ ಒಂದಕ್ಕೊಂದು ಎಟುಕದಂತೆ ಎರಡೂ ಕಟ್ಟಿರಬೇಕು.

ಗಾಯವಾಗಿದ್ದರೆ ಮೊದಲು ಕೋಡಿನ ಬುಡ ನೋಡಬೇಕು. ಅಲ್ಲಿ ರಕ್ತ ಬಹಳ ಸುರಿಯುತ್ತದೆ, ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ನಿಲ್ಲಿಸಬೇಕು. ಪೊಟ್ಯಾಶಿಯಂ ಪರಮಾಂಗನೇಟಿನ ತಿಳಿ ಗುಲಾಬಿ ನೀರಿನಿಂದ ತೊಳೆದು ಬೇವಿನ ಎಣ್ಣೆಯಲ್ಲಿ ಕಲಸಿದ ಅರಿಸಿನ ಹಚ್ಚಿದರೆ ನೊಣ ದೂರ ಇರುತ್ತದೆ. ಮಳೆಗಾಲದಲ್ಲಿ ಒಂದು ದಿನ ಕಡೆಗಣಿಸಿದರೂ ಗಾಯಕ್ಕೆ ಹುಳ ಬೀಳುತ್ತದೆ. ಧನುರ್ವಾಯು ಚುಚ್ಚುಮದ್ದಿನ ವಿಷಯ ಪಶುವೈದ್ಯರನ್ನು ಕೇಳಬೇಕು. ತಲೆ ಒಂದು ಕಡೆ ವಾಲಿಸಿ ನಡೆಯುವುದು, ಸುತ್ತು ತಿರುಗುವುದು, ಮೂಗಿನಿಂದ ರಕ್ತ, ಮೇವು ಬಿಡುವುದು, ಇವು ಒಳಪೆಟ್ಟಿನ ಲಕ್ಷಣ. ಮನೆಮದ್ದಿಗೆ ಇದು ಕೇಳುವುದಿಲ್ಲ. 1962ಕ್ಕೆ ಫೋನು ಮಾಡಿದರೆ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಬೀಜ ಒಡೆಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅರ್ಧ ಸತ್ಯ ಅದು. ಮರಿಯಿದ್ದಾಗಲೇ ಪಶುವೈದ್ಯರಿಂದ ಬರ್ಡಿಜೋ ಇಕ್ಕಳ ಹಾಕಿಸಿದರೆ ಗುದ್ದುವ ಚಾಳಿ ಬಹಳ ಮಟ್ಟಿಗೆ ಬೆಳೆಯುವುದೇ ಇಲ್ಲ. ನಾಲ್ಕು ಹಲ್ಲಿನ ಟಗರಿಗೆ ಮಾಡಿಸಿದರೆ ಹಾರ್ಮೋನು ಇಳಿಯುತ್ತದೆ, ಕಲಿತ ಅಭ್ಯಾಸ ಉಳಿಯಬಹುದು. ಮಾಡಿಸಿದ ಮರುದಿನವೇ ಫಲ ಕಾಣುವುದಿಲ್ಲ, ವಾರಗಳು ಬೇಕು. ತಳಿಗೆ ಬೇಕಾದ ಟಗರನ್ನು ಬಿಟ್ಟು ಅದರ ಸಂಗಾತಿಗೆ ಮಾತ್ರ ಮಾಡಿಸುವುದು ಒಂದು ಒಳ್ಳೆಯ ದಾರಿ. ತಳಿ ಟಗರಿಗೆ ಒಂಟಿತನವಿಲ್ಲ, ಎದುರಾಳಿಯೂ ಇಲ್ಲ.

ಟಗರಿನ ಕಾಳಗವನ್ನು ಆಟವೆಂದು ನೋಡುವ ಪದ್ಧತಿ ನಮ್ಮ ನೆಲದಲ್ಲಿ ಬಹಳ ಹಿಂದಿನದು. ಪುಲಿಗೆರೆ ಎಂದು ಹೆಸರಾಗಿದ್ದ ಇಂದಿನ ಲಕ್ಷ್ಮೇಶ್ವರವನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಮೇಷ ವಿನೋದಕ್ಕೂ ಒಂದು ಜಾಗವಿದೆ. ಇಂದಿಗೂ ಉತ್ತರ ಕರ್ನಾಟಕದ ಜಾತ್ರೆ, ಹಬ್ಬಗಳಲ್ಲಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಎಂಟು ಹಲ್ಲು ಎಂದು ವಿಭಾಗ ಮಾಡಿ ಕಣಕ್ಕಿಳಿಸುತ್ತಾರೆ, ಸಾವಿರಾರು ಜನ ಸೇರುತ್ತಾರೆ. ಕಾನೂನು ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮು ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು ಅಪರಾಧವೆಂದು ಹೇಳುತ್ತದೆ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರಾಣಿಯನ್ನು ಪ್ರಾಣಿಯ ಮೇಲೆ ಕೆರಳಿಸದಂತೆ ನೋಡಿಕೊಳ್ಳಬೇಕೆಂದು ಸರ್ಕಾರಗಳಿಗೆ ಸೂಚಿಸಿತು. ಕರ್ನಾಟಕದ 2017ರ ತಿದ್ದುಪಡಿ ಕಂಬಳಕ್ಕೆ, ಎತ್ತಿನ ಓಟ, ಗಾಡಿ ಓಟಕ್ಕೆ ವಿನಾಯಿತಿ ಕೊಟ್ಟಿತೇ ಹೊರತು ಟಗರಿನ ಕಾಳಗಕ್ಕಲ್ಲ. ಮೊದಲ ತಪ್ಪಿಗೆ ಕಾಯ್ದೆಯಲ್ಲಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ಕಣಕ್ಕಿಳಿಸುವವರಿಗೆ ಇದರ ಭಯವಿಲ್ಲ ಎಂಬುದು ಬೇಸರದ ಸಂಗತಿ.

ಇಲ್ಲಿ ಹೇಳಬೇಕಾದ ಮಾತು ಕಾನೂನಿನದು ಮಾತ್ರವಲ್ಲ. ಕಣಕ್ಕೆಂದು ತಯಾರಾಗುವ ಟಗರನ್ನು ಒಂಟಿಯಾಗಿ ಕಟ್ಟುತ್ತಾರೆ, ಬೇರೆ ಟಗರು ಕಂಡೊಡನೆ ಹಾಯಲು ಕಲಿಸುತ್ತಾರೆ. ತಗ್ಗುವ, ಮುಖ ತಿರುಗಿಸುವ, ದಾರಿ ಬಿಡುವ ಗುಣಗಳನ್ನು ಹೆಕ್ಕಿ ಹೆಕ್ಕಿ ಅಳಿಸುತ್ತಾರೆ. ಅಂಥ ಟಗರನ್ನು ಮನೆಯ ಇನ್ನೊಂದರ ಜೊತೆ ಕೂಡಿಸುವ ಆಸೆ ಇಟ್ಟುಕೊಳ್ಳುವುದು ವ್ಯರ್ಥ. ಇಕ್ಕಟ್ಟಾದ ದಡ್ಡಿ, ಬೇವಿನ ಎಣ್ಣೆ ಯಾವುದೂ ಅಲ್ಲಿ ನಡೆಯುವುದಿಲ್ಲ. ಸಂತೆಯಲ್ಲಿ ಬೆಳೆದ ಟಗರು ಕೊಳ್ಳುವವರು ಅದನ್ನು ಹಿಂದೆ ಕಣಕ್ಕೆ ಬಿಟ್ಟಿದ್ದರೇ ಎಂದು ವಿಚಾರಿಸಬೇಕು, ನೆತ್ತಿಯ ಚರ್ಮ ದಪ್ಪಗಟ್ಟಿದೆಯೇ, ಹಳೆಯ ಗಾಯದ ಕಲೆ ಇದೆಯೇ ಎಂದು ಕೂದಲು ಸರಿಸಿ ನೋಡಬೇಕು.

ಎಲ್ಲ ಮಾಡಿದ ಮೇಲೂ ಹೊಂದದ ಜೋಡಿಗಳಿವೆ. ಎರಡು ಮೂರು ಸಲ ಸರಿಯಾದ ರೀತಿಯಲ್ಲಿ ಕೂಡಿಸಿದರೂ ಪ್ರತಿ ಸಲ ರಕ್ತ ಬಂದರೆ ಹಟ ಬಿಡಬೇಕು. ಹಾಗೆಂದು ಒಂದನ್ನು ಕತ್ತಲೆಯ ಕೋಣೆಗೆ ತಳ್ಳಬೇಕಿಲ್ಲ. ಒಂಟಿ ಟಗರು ಮೇವು ಬಿಡುತ್ತದೆ, ದಿನವಿಡೀ ಒದರುತ್ತದೆ, ಬೇಲಿಗೆ ಗುದ್ದುತ್ತದೆ. ನಡುವೆ ಗಟ್ಟಿ ಬೇಲಿ ಹಾಕಿ ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಕಾಣುತ್ತವೆ, ವಾಸನೆ ಸಿಗುತ್ತದೆ, ಮಲಗುವಾಗ ಬೇಲಿಯ ಎರಡು ಕಡೆ ಒಂದೇ ಜಾಗ ಆರಿಸಿಕೊಳ್ಳುತ್ತವೆ. ಬೇಲಿಗೆ ಓಡಿ ಬಂದು ಗುದ್ದುವ ಚಾಳಿಯಿದ್ದರೆ ಕೆಳಗಿನ ಎರಡು ಅಡಿ ಹಲಗೆ ಬಡಿದು ಮುಚ್ಚಿ, ಮೇಲೆ ಮಾತ್ರ ಜಾಲರಿ ಬಿಡಬೇಕು. ಪ್ರತಿಯೊಂದಕ್ಕೂ ಒಂದು ಬೀಜ ಒಡೆಸಿದ ಟಗರನ್ನೋ ತೀರ ಎಳೆಯ ಮರಿಯನ್ನೋ ಜೊತೆ ಮಾಡಿದರೆ ಇನ್ನೂ ಒಳ್ಳೆಯದು. ಗಬ್ಬದ ಕುರಿಯನ್ನು ಮಾತ್ರ ಗುದ್ದುವ ಟಗರಿನ ಬಳಿ ಕಟ್ಟಬಾರದು, ಹೊಟ್ಟೆಗೆ ಬಿದ್ದ ಒಂದು ಪೆಟ್ಟಿಗೆ ಮರಿ ಹೋಗುತ್ತದೆ.